ಮೇ ತಿಂಗಳ ಕೊನೆ: ತವರಿಗೆ ಹೋದರೆ ನಮಗೆ ರಜೆ, ಅಮ್ಮನಿಗೆ ಯಾವಾಗ?

ಹಾಸನದ ಅಮ್ಮ | 31 ಮೇ 2025, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ತಿಂಗಳ ಕೊನೆಯ ದಿನ ರಾತ್ರಿ, ಪಾತ್ರೆ ತೊಳೆದಿಟ್ಟ ಮೇಲೆ, ಒಂದು ಹಳೇ ನೋಟ್‌ಬುಕ್ಕಿನಲ್ಲಿ ಆ ತಿಂಗಳ ಬಗ್ಗೆ ಬರೆದುಕೊಳ್ಳುವುದು ನನ್ನ ಅಭ್ಯಾಸ. ಹಾಲಿನ ಲೆಕ್ಕ, ಫೀಸು, ಮಕ್ಕಳು ಆಡಿದ ಮಾತು, ನಾನು ಮಾಡಬೇಕು ಅಂದುಕೊಂಡದ್ದು, ಮಾಡಿದ್ದು, ಬಿಟ್ಟಿದ್ದು. ಈ ತಿಂಗಳದ್ದನ್ನು ಬರೆದು ಮುಚ್ಚಿಡಲು ಮನಸ್ಸಾಗಲಿಲ್ಲ. ನಿಮ್ಮ ಹತ್ತಿರ ಕೇಳಬೇಕು ಅನ್ನಿಸಿತು. ಸ್ವಲ್ಪ ಉದ್ದ ಆಗುತ್ತೆ.

ಮಕ್ಕಳಿಗೆ ಏಪ್ರಿಲ್ 11ರಿಂದ ರಜೆ. ಮಗಳು ಈಗ ಎಂಟನೇ ಕ್ಲಾಸು, ಮಗ ಮೂರನೇ ಕ್ಲಾಸು. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಕುಚ್ಚು ಕಟ್ಟುತ್ತೇನೆ. ಏಪ್ರಿಲ್ ಪೂರ್ತಿ ಮದುವೆ ಸೀರೆಗಳ ರಾಶಿ. ಎಲ್ಲ ಮುಗಿಸಿ ಕೊಟ್ಟು ಮೇ 4ಕ್ಕೆ ಬಸ್ ಹತ್ತಿದೆವು. ನನ್ನ ತವರು ಸಾಗರದ ಹತ್ತಿರ ಒಂದು ಹಳ್ಳಿ. ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ ದಾಟಿ ಹೋಗಬೇಕು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲವಲ್ಲ, ನನಗೂ ಮಗಳಿಗೂ ಖರ್ಚು ಇಲ್ಲ, ಮಗನಿಗೆ ಅರ್ಧ ಟಿಕೆಟ್. ಮೊದಲೆಲ್ಲ ಟಿಕೆಟ್ ಲೆಕ್ಕ ಹಾಕಿಯೇ "ಮುಂದಿನ ವರ್ಷ ಬರ್ತೀನಮ್ಮ" ಅಂತ ಫೋನಿನಲ್ಲಿ ಹೇಳುತ್ತಿದ್ದೆ. ಈಗ ಹಾಗೆ ಹೇಳಬೇಕಾಗಿಲ್ಲ.

ಅಕ್ಕನೂ ಭಾವನೂ ಮಕ್ಕಳಿಬ್ಬರ ಜೊತೆ ಬಂದಿದ್ದರು. ಅಪ್ಪ ಅಮ್ಮ ಸೇರಿ ಒಂಬತ್ತು ಜನ. ಮಲೆನಾಡಿನಲ್ಲಿ ಮೇ ಅಂದರೆ ಹಲಸು. ಹಪ್ಪಳದ ಕೆಲಸ ಗೊತ್ತಿದ್ದವರಿಗೆ ಗೊತ್ತು. ಬಲಿತ ಕಾಯಿ ಕೊಯ್ಯಬೇಕು, ಕೈಗೆ ಎಣ್ಣೆ ಸವರಿಕೊಂಡು ಸೊಳೆ ಬಿಡಿಸಬೇಕು, ಬೇಯಿಸಬೇಕು, ಬಿಸಿ ಆರುವ ಮೊದಲು ರುಬ್ಬಬೇಕು, ಉಂಡೆ ಕಟ್ಟಿ ಒತ್ತಿ ಚಾಪೆಯ ಮೇಲೆ ಬಿಸಿಲಿಗೆ ಹಾಕಬೇಕು. ಮಕ್ಕಳು ಒತ್ತುವುದಕ್ಕೆ ಮಾತ್ರ ಬರುತ್ತಿದ್ದರು. ಅರ್ಧ ಉಂಡೆ ಹಸಿಯಾಗಿಯೇ ಬಾಯಿಗೆ. ನನಗೂ ಅದೇ ವಯಸ್ಸಿನಲ್ಲಿ ಅದೇ ರುಚಿ. ಬೆಳಿಗ್ಗೆ ಏಳು ಗಂಟೆವರೆಗೆ ಮಲಗಿದೆ. ಎಷ್ಟೋ ತಿಂಗಳ ಮೇಲೆ ಮಧ್ಯಾಹ್ನ ನಿದ್ದೆ ಮಾಡಿದೆ. ಇನ್ನೊಬ್ಬರು ಬಡಿಸಿದ್ದನ್ನು ಬಿಸಿಬಿಸಿ ತಿಂದೆ. ಮೊದಲ ವಾರ ನಾನು ತುಂಬಾ ಖುಷಿಯಾಗಿದ್ದೆ, ಅದನ್ನು ಮುಚ್ಚಿಡುವುದಿಲ್ಲ.

ಎರಡನೇ ವಾರ ಸಿಗಂದೂರಿಗೆ ಹೋದೆವು. ಶರಾವತಿ ಹಿನ್ನೀರು ದಾಟಲು ಲಾಂಚ್. ಪಕ್ಕದಲ್ಲೇ ಹೊಸ ಸೇತುವೆ ಹೆಚ್ಚುಕಡಿಮೆ ಮುಗಿದು ನಿಂತಿತ್ತು. ಮುಂದಿನ ರಜೆಗೆ ಬಂದಾಗ ಲಾಂಚ್ ಹತ್ತುವ ಕೆಲಸವೇ ಇರಲ್ಲವೇನೋ, ಮಕ್ಕಳಿಗೆ ಒಂದು ಸಲ ತೋರಿಸಬೇಕು ಅಂತ ಅಪ್ಪ ಹೇಳಿದರು. ಅಮ್ಮ ಬರಲಿಲ್ಲ. "ಹಪ್ಪಳ ಬಿಸಿಲಲ್ಲಿದೆ, ಮಳೆ ಬಂದರೆ ತೆಗೆಯುವವರು ಯಾರು? ನೀವು ಹೋಗಿ ಬನ್ನಿ" ಅಂದರು. ನಾವೂ ಹೂಂ ಅಂದು ಹೊರಟೆವು. ಲಾಂಚಿನಲ್ಲಿ ಗಾಳಿಗೆ ನಿಂತಾಗ ಅಕ್ಕ ಕೇಳಿದಳು, "ಅಮ್ಮ ಕೊನೇ ಸಲ ಇಲ್ಲಿಗೆ ಬಂದಿದ್ದು ಯಾವಾಗ?" ಇಬ್ಬರಿಗೂ ನೆನಪಾಗಲಿಲ್ಲ.

ಆಮೇಲೆ ನಾನು ನೋಡಲು ಶುರು ಮಾಡಿದೆ. ಒಂದು ದಿನ ಬೆಳಿಗ್ಗೆ ಒಂಬತ್ತು ಜನಕ್ಕೂ ತೆಳ್ಳೇವು, ಅಂದರೆ ತೆಳು ದೋಸೆ, ಎರೆದು ಬಡಿಸಿದರು. ನಾನು ತಟ್ಟೆ ಇಡಲು ಒಳಗೆ ಹೋದಾಗ ಹನ್ನೊಂದು ಗಂಟೆ. ಹಿಟ್ಟು ಮುಗಿದಿತ್ತು. ಅಮ್ಮ ಗೋಡೆಗೆ ಒರಗಿ ಕೂತು ರಾತ್ರಿಯ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಉಣ್ಣುತ್ತಿದ್ದರು. ಅವರಿಗೆ 67 ವರ್ಷ. "ನಂಗೆ ಇದೇ ಇಷ್ಟ ಮಾರಾಯ್ತಿ" ಅಂದರು. ಇರಬಹುದು. ಆದರೆ ನಾನು ಹಾಸನದಲ್ಲಿ ಮಕ್ಕಳಿಗೆ ಹೇಳುವುದೂ ಇದೇ ಮಾತು, ಹೆಚ್ಚಿನ ಸಲ ಅದು ನಿಜ ಅಲ್ಲ.

ಇನ್ನೊಂದು ವಿಷಯ. ಮೇ 21ರ ಬೆಳಿಗ್ಗೆ ಟಿವಿಯಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದ ಸುದ್ದಿ. ನಮ್ಮ ಹಾಸನದವರು, ವಕೀಲರು, ಹೆಣ್ಣುಮಕ್ಕಳ ಕಥೆ ಬರೆದವರು. ದೀಪಾ ಭಾಸ್ತಿ ಇಂಗ್ಲಿಷಿಗೆ ಮಾಡಿದ ಆ ಹನ್ನೆರಡು ಕಥೆಗಳಿಂದ ಮೊದಲ ಸಲ ಕನ್ನಡಕ್ಕೆ ಈ ಬಹುಮಾನ. ನಾನು ಕುಣಿದುಬಿಟ್ಟೆ. ನಮ್ಮ ಅಮ್ಮ ಒಂದು ಕಾಲದಲ್ಲಿ ವಾರಪತ್ರಿಕೆಗಳನ್ನು ಒಂದಕ್ಷರ ಬಿಡದೆ ಓದುತ್ತಿದ್ದವರು. ಸುಧಾ, ತರಂಗ ಯಾರ ಮನೆಗೆ ಬಂದರೂ ಕೊನೆಗೆ ನಮ್ಮನೆಗೆ ಬರುತ್ತಿತ್ತು. ಮರುದಿನ ಪೇಪರ್ ತಂದು ಕೊಟ್ಟೆ. ಒಂದು ಕ್ಷಣ ನೋಡಿ "ನೀನೇ ಓದಿ ಹೇಳು" ಅಂದರು. ಕೈ ಕೆಲಸ ಇರಬೇಕು ಅಂದುಕೊಂಡೆ. ಸಂಜೆ ಮಗಳು ಬಂದು ಮೆಲ್ಲಗೆ ಹೇಳಿದಳು: "ಅಜ್ಜಿಗೆ ಅಕ್ಷರ ಕಾಣಲ್ಲ ಅಮ್ಮ. ನಂಗೂ ಓದೋಕೆ ಹೇಳ್ತಾರೆ, ಔಷಧಿ ಚೀಟಿನೂ."

ಕನ್ನಡಕದ ನಂಬರ್ ಬದಲಾಗಿ ಎರಡು ವರ್ಷ ಆಗಿದೆಯಂತೆ. ಪ್ರತಿ ಭಾನುವಾರ ಫೋನ್ ಮಾಡುತ್ತೇನೆ. ಒಂದು ದಿನವೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

23ಕ್ಕೆ ಸಾಗರಕ್ಕೆ ಕರೆದುಕೊಂಡು ಹೋಗಿ ಕಣ್ಣು ತೋರಿಸಿದೆ. ಪೊರೆ ಶುರುವಾಗಿದೆ, ಆದರೆ ಆಪರೇಷನ್ ಈಗಲೇ ಬೇಡ ಅಂದರು. ಹೊಸ ಕನ್ನಡಕ ಬರೆಸಿದೆವು. ಮರುದಿನವೇ ಮಳೆ ಹಿಡಿದುಕೊಂಡಿತು. 25ಕ್ಕೆ ಹಾಸನಕ್ಕೆ ವಾಪಸ್, 29ಕ್ಕೆ ಶಾಲೆ. ಬೈಂಡ್ ಹಾಕುವುದು, ಲೇಬಲ್, ಮಗನ ಶೂ ಚಿಕ್ಕದಾಗಿತ್ತು, ಅದೆಲ್ಲ ಇದ್ದದ್ದೇ.

ಇನ್ನು ನನ್ನ ಗುರಿಗಳು. ಯುಗಾದಿ ದಿನ ಮೂರು ಬರೆದಿದ್ದೆ. ಸ್ಕೂಟರ್ ಕಲಿಯುವುದು, ತಿಂಗಳಿಗೆ ಒಂದು ಪುಸ್ತಕ, ಪೋಸ್ಟ್ ಆಫೀಸಿನಲ್ಲಿ ನನ್ನ ಹೆಸರಲ್ಲಿ ತಿಂಗಳಿಗೆ 1,500 ರೂಪಾಯಿಯ ಆರ್‌ಡಿ. ಎಲ್‌ಎಲ್‌ಆರ್ (ಗಾಡಿ ಕಲಿಯುವವರ ಲೈಸೆನ್ಸ್) ಏಪ್ರಿಲ್‌ನಲ್ಲೇ ಆಗಿದೆ, ಗಾಡಿ ಇನ್ನೂ ಕೈಗೆ ಕೂತಿಲ್ಲ. ಪುಸ್ತಕ ಅರ್ಧ. ಈ ತಿಂಗಳ ಆರ್‌ಡಿ ಕಂತು ಕಟ್ಟುವುದು ತಪ್ಪಿತು. ಆದರೆ ಈ ತಿಂಗಳು ನನಗೆ ಕೊರೆಯುತ್ತಿರುವುದು ಅದಲ್ಲ. ನಾನು ನನಗೆ ಸಮಯ ಬೇಕು ಅಂತ ತವರಿಗೆ ಹೋದೆ. ಆ ಸಮಯವನ್ನು ಕೊಟ್ಟವರು ಅಮ್ಮ. ಅವರಿಗೂ ಒಂದು ಪಟ್ಟಿ ಇದ್ದಿರಬಹುದು ಅಲ್ವಾ?

ನಿಮ್ಮ ಮನೆಗಳಲ್ಲಿ ಹೇಗೆ? ರಜೆಗೆ ಹೋದಾಗ ಅಮ್ಮನಿಗೂ ರಜೆ ಸಿಗುವ ಹಾಗೆ ಯಾರಾದರೂ ಮಾಡಿದ್ದೀರಾ? ನಿಜವಾಗಿ ನಡೆದದ್ದನ್ನೇ ಹೇಳಿ.

---

ಧಾರವಾಡದಾಕಿ | 31 ಮೇ, ರಾತ್ರಿ 11:15

ಓದಿ ಗಂಟಲು ಕಟ್ಟಿತು ರೀ. ನಮ್ಮ ಕಡೆ ಬ್ಯಾಸಗಿ ಅಂದರೆ ಶಾವಿಗೆ. ನಾವು ಸಣ್ಣವರಿದ್ದಾಗ ಓಣಿಯ ಹೆಣ್ಣುಮಕ್ಕಳೆಲ್ಲ ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ದಿನ ಕೂತು ಶಾವಿಗೆ ಹೊಸೆಯುತ್ತಿದ್ದರು. ಹಾಡು, ಚಹಾ, ನಗು. ಕೆಲಸ ಜಾಸ್ತಿಯೇ ಇತ್ತು, ಆದರೆ ಒಬ್ಬರ ಬೆನ್ನ ಮೇಲೆ ಬೀಳುತ್ತಿರಲಿಲ್ಲ. ಈಗ ಓಣಿ ಇಲ್ಲ, ಕೆಲಸ ಮಾತ್ರ ಅವ್ವನ ಹತ್ತಿರ ಉಳಿದಿದೆ.

ನಮ್ಮ ಅವ್ವ ತೀರಿಕೊಂಡು ಮೂರು ವರ್ಷ. ತವರುಮನೆ ಈಗ ವೈನಿ, ಅಂದರೆ ಅಣ್ಣನ ಹೆಂಡತಿ, ನಡೆಸುತ್ತಾರೆ. ಅವ್ವನಿಗೆ ಮಾಡಲಿಲ್ಲ ಅಂತ ಕೊರಗುವುದಕ್ಕಿಂತ ವೈನಿಗೆ ಮಾಡೋಣ ಅಂತ ಈ ಸಲ ನಾನೂ ನನ್ನ ತಂಗಿಯೂ ಸಂಜೆಯ ಅಡುಗೆ ನಮ್ಮದು ಅಂತ ಹೋದ ದಿನವೇ ಹೇಳಿಬಿಟ್ಟೆವು. ರೊಟ್ಟಿ ನಾವೇ ಬಡಿದೆವು. ಎರಡು ದಿನ ವೈನಿ ಅಡುಗೆಮನೆ ಬಾಗಿಲಲ್ಲೇ ನಿಂತಿದ್ದರು, ಏನು ಮಾಡಬೇಕು ಅಂತ ತಿಳಿಯದೆ. ಮೂರನೇ ದಿನ ಗೆಳತಿಯರ ಜೊತೆ ಸೋಮೇಶ್ವರ ಗುಡಿಗೆ ಹೋಗಿ ಕತ್ತಲಾದ ಮೇಲೆ ಬಂದರು. ಬರುವಾಗ ನಮಗೆಲ್ಲ ಪೇಢೆ ತಂದಿದ್ದರು. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಮೊದಲ ಸಲ ಹಾಗೆ ಹೋಗಿದ್ದು ಅಂದರು.

---

ಲೆಕ್ಕದ ಮೇಡಂ | 1 ಜೂನ್, ಬೆಳಿಗ್ಗೆ 6:50

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ, ಅಂಕಿಗಳು ನನಗೆ ಅಂಟಿಕೊಳ್ಳುತ್ತವೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಈ ವರ್ಷ ಬಂತು. ಮನೆಗೆಲಸ ಮಾಡುವ 15ರಿಂದ 59 ವಯಸ್ಸಿನ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ 305 ನಿಮಿಷ ಕೊಡುತ್ತಾರೆ. ಐದು ಗಂಟೆ ಮೇಲೆ. 2019ರಲ್ಲಿ 315 ಇತ್ತು. ಐದು ವರ್ಷಕ್ಕೆ ಹತ್ತು ನಿಮಿಷ ಕಡಿಮೆಯಾಗಿದೆ.

ನಿಮ್ಮ ಅಮ್ಮನ ವಯಸ್ಸು 67. ಈ ಲೆಕ್ಕದ ಗುಂಪಿನಲ್ಲಿ ಅವರು ಇಲ್ಲವೇ ಇಲ್ಲ. ಆ ವಯಸ್ಸಿಗೆ ಕೆಲಸ ಮುಗಿಯುತ್ತದೆಯೇ? ನೌಕರಿಯಲ್ಲಿ ಇದ್ದಿದ್ದರೆ ನಿವೃತ್ತಿಯಾಗಿ ಏಳು ವರ್ಷ ಕಳೆದಿರುತ್ತಿತ್ತು.

ಆರ್‌ಡಿ ಬಗ್ಗೆ ಹೆದರಬೇಡಿ. ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ. ನಿಮ್ಮ 1,500ಕ್ಕೆ 15 ರೂಪಾಯಿ. ಜೂನ್ ಕಂತಿನ ಜೊತೆ ಸೇರಿಸಿ ಕಟ್ಟಿ. ನಾಲ್ಕು ಕಂತು ತಪ್ಪುವ ತನಕ ಬಿಡಬೇಡಿ, ಆಗ ಖಾತೆ ನಿಂತುಹೋಗುತ್ತದೆ. ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ. ಮೂವತ್ತು ದಿನ ಆಗಲೇ ದಾಟಿದ್ದರೆ ಪರೀಕ್ಷೆಗೆ ದಿನ ಗೊತ್ತು ಮಾಡಿಕೊಳ್ಳಿ. ದಿನಾಂಕ ಇದ್ದರೆ ಕಲಿಕೆ ತಾನಾಗಿ ನಡೆಯುತ್ತದೆ, ನನ್ನ ವಿದ್ಯಾರ್ಥಿಗಳಲ್ಲಿ ನೋಡಿದ್ದೇನೆ.

---

ಕುಡ್ಲದ ಮಳೆ | 1 ಜೂನ್, ಬೆಳಿಗ್ಗೆ 9:30

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ, ಬೇಸರ ಮಾಡಿಕೊಳ್ಳಬೇಡಿ. ನಾನು ಗುರಿ ಬರೆಯುವುದನ್ನು ನಿಲ್ಲಿಸಿದ್ದೇನೆ. ಮಗುವಿಗೆ ಎರಡೂವರೆ ವರ್ಷ. ತಿಂಗಳ ಕೊನೆಗೆ ಪಟ್ಟಿ ತೆಗೆದರೆ ಅಳು ಬರುತ್ತಿತ್ತು. ಈಗ ಆಗಿದ್ದನ್ನು ಮಾತ್ರ ಬರೆಯುತ್ತೇನೆ. ಈ ಮೇ ತಿಂಗಳಲ್ಲಿ ಬರೆದಿದ್ದು: "ಪಾಪು ತಾನೇ ಅನ್ನ ಕಲಸಿಕೊಂಡಳು. ನಾನು ಎರಡು ಸಲ ಒಬ್ಬಳೇ ಸಮುದ್ರದ ಹತ್ತಿರ ಹೋದೆ." ಅಷ್ಟೇ. ಸಾಕು ಅನ್ನಿಸಿತು.

ಈ ಸಲ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಬಂತಲ್ಲ, ಎಂಟು ದಿನ ಮುಂಚೆ. ನಮ್ಮಮ್ಮ ಹಾಕಿದ್ದ ಸಂಡಿಗೆ ಅರ್ಧ ಒಣಗಿತ್ತು. ಫ್ಯಾನಿನ ಕೆಳಗೆ ಹರಡಿ ರಾತ್ರಿ ಎದ್ದು ಎದ್ದು ಮಗುಚಿದರು. ಅಂಗಡಿಯಲ್ಲಿ ಸಿಗುತ್ತಲ್ಲಮ್ಮ ಅಂದೆ. ಮಾತಾಡಲಿಲ್ಲ. ನಾನು ಹಾಗೆ ಹೇಳಬಾರದಿತ್ತು ಅಂತ ಈಗ ಅನ್ನಿಸುತ್ತಿದೆ.

---

ತರೀಕೆರೆ ದೊಡ್ಡಮ್ಮ | 1 ಜೂನ್, ಮಧ್ಯಾಹ್ನ 12:20

ಮೊಮ್ಮಗಳು ಓದಿ ಹೇಳಿದಳು. ನಾನು ಹೇಳಿದ್ದನ್ನು ಅವಳೇ ಬರೆಯುತ್ತಿದ್ದಾಳೆ. ನನಗೆ 71.

ಮಗಳೇ, ನಿನ್ನ ಮನಸ್ಸು ಒಳ್ಳೆಯದು. ಆದರೆ ನಿನ್ನ ಅಮ್ಮನ ಪರವಾಗಿ ನೀನೇ ತೀರ್ಮಾನ ಮಾಡಬೇಡ. ಏಪ್ರಿಲ್ ಬಂತು ಅಂದರೆ ನಾವು ಕ್ಯಾಲೆಂಡರ್ ನೋಡುತ್ತೇವೆ. ಹಾಸಿಗೆ ಬಿಸಿಲಿಗೆ ಹಾಕುತ್ತೇವೆ. ಯಾರಿಗೆ ಯಾವ ಉಪ್ಪಿನಕಾಯಿ ಅಂತ ಡಬ್ಬಿ ಬೇರೆ ಮಾಡುತ್ತೇವೆ. ಆ ಕೆಲಸ ನಮಗೆ ಭಾರ ಅಲ್ಲ. ವರ್ಷದಲ್ಲಿ ಹತ್ತು ತಿಂಗಳು ಇಬ್ಬರಿಗೆ ಒಂದು ಪಾವು ಅಕ್ಕಿ ಹಾಕುವವರಿಗೆ ದೊಡ್ಡ ಪಾತ್ರೆ ಅಟ್ಟದಿಂದ ಇಳಿಸುವುದೇ ಹಬ್ಬ.

ಬೇಜಾರು ಎಲ್ಲಿ ಆಗುತ್ತದೆ, ಅದನ್ನು ಹೇಳುತ್ತೇನೆ. ಬಂದ ಮಕ್ಕಳು ಪಡಸಾಲೆಯಲ್ಲಿ ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ಮೊಬೈಲ್ ಹಿಡಿದು ಕೂರುತ್ತಾರೆ. ನಾನು ಅಡುಗೆಮನೆಯಲ್ಲಿ ಒಬ್ಬಳೇ. ಕೆಲಸಕ್ಕೆ ಬೇಡ, ಸುಮ್ನೆ ಬಂದು ಒಳಗೆ ಕೂತರೆ ಸಾಕು. ಬೀನ್ಸ್ ಮುರಿಯುತ್ತಾ ನಿನ್ನ ಗಂಡನ ಮನೆ ಸುದ್ದಿ ಹೇಳು, ನಾನು ನನ್ನ ಮೊಣಕಾಲು ನೋವು ಹೇಳುತ್ತೇನೆ. ಕನ್ನಡಕದ ವಿಷಯ ಫೋನಿನಲ್ಲಿ ಯಾಕೆ ಹೇಳಲಿಲ್ಲ ಅಂತ ಕೇಳಿದ್ದೀಯ. ಭಾನುವಾರ ಹತ್ತು ನಿಮಿಷ ಮಾತಾಡುವಾಗ ಮಕ್ಕಳ ಜ್ವರ ಕೇಳುತ್ತೇವೋ ನಮ್ಮ ಕಣ್ಣು ಹೇಳುತ್ತೇವೋ?

ಇನ್ನೊಂದು. ನೀವೆಲ್ಲ ಹೋದ ಮೇಲೆ ಒಂದು ವಾರ ಸೊಂಟ ಹಿಡಿಯುತ್ತದೆ, ಅದೂ ನಿಜ. ಹೊರಡುವ ಹಿಂದಿನ ದಿನ ಹಾಸಿಗೆ ಹೊದಿಕೆ ಒಗೆದು ಕೊಟ್ಟು ಹೋಗಿ. ಅದನ್ನು ಯಾರೂ ಮಾಡುವುದಿಲ್ಲ.

---

ಹಾಸನದ ಅಮ್ಮ | 1 ಜೂನ್, ಮಧ್ಯಾಹ್ನ 1:05

ದೊಡ್ಡಮ್ಮ, ನಿಮ್ಮ ಮಾತು ಮೂರು ಸಲ ಓದಿದೆ. ಹೊದಿಕೆಗಳನ್ನು ನಾವು ಹಾಗೇ ಬಿಟ್ಟು ಬಂದಿದ್ದೇವೆ. ಮಳೆ ಬೇರೆ. ಒಂಬತ್ತು ಜನರದ್ದು ಅವರು ಎಲ್ಲಿ ಒಣಗಿಸಿದರೋ ಏನೋ. ಈ ಮಾತು ನನಗೆ ಇಷ್ಟು ವರ್ಷ ಹೊಳೆಯಲೇ ಇಲ್ಲ.

---

ಇಬ್ಬರು ಹೆಣ್ಣುಮಕ್ಕಳ ಅಪ್ಪ | 1 ಜೂನ್, ಸಂಜೆ 7:45

ನಾನು ಬರೆಯಬಹುದೋ ಇಲ್ಲವೋ ಗೊತ್ತಿಲ್ಲ. ತುಮಕೂರಿನಲ್ಲಿದ್ದೇವೆ. ನನ್ನ ಹೆಂಡತಿಗೆ ಮುಕ್ತ ವಿಶ್ವವಿದ್ಯಾನಿಲಯದ ಎಂ.ಎ. ಪರೀಕ್ಷೆ ಇತ್ತು. ಓದಲು ಮನೆಯಲ್ಲಿ ಆಗುವುದಿಲ್ಲ ಅಂತ ನಾನೇ ಮಕ್ಕಳಿಬ್ಬರನ್ನು ಕರೆದುಕೊಂಡು ನಮ್ಮ ಹಳ್ಳಿಗೆ ಹೋದೆ, ಹತ್ತು ದಿನ. ಮೊದಲೆಲ್ಲ ಅಲ್ಲಿಗೆ ಹೋದರೆ ನನ್ನ ಹೆಂಡತಿ ನಮ್ಮಮ್ಮನ ಜೊತೆ ಅಡುಗೆಮನೆಗೆ ಹೋಗುತ್ತಿದ್ದಳು, ನಾನು ಕಟ್ಟೆಗೆ. ಈ ಸಲ ಅವಳಿಲ್ಲ. ನಮ್ಮಮ್ಮ ಒಬ್ಬರೇ ಏಳು ಜನಕ್ಕೆ ಮುದ್ದೆ ತಿರುವುವುದನ್ನು ನೋಡಿ ನಾನೇ ಕೋಲು ಹಿಡಿದೆ. ಗಂಟಾಯಿತು. ಮೂರನೇ ದಿನ ಸರಿಯಾಯಿತು. ಪಕ್ಕದ ಮನೆಯವರು ಏನೋ ಅಂದರು, ಅಮ್ಮನೇ "ನನ್ನ ಮಗ ಮಾಡ್ತಾನೆ, ನಿಮಗೇನು" ಅಂದರು.

ನಾನು ಹೇಳಬೇಕಾಗಿರುವುದು ಇಷ್ಟೇ. ಈ ಚರ್ಚೆಯಲ್ಲಿ ಅಮ್ಮನ ಕೆಲಸವನ್ನು ಮಗಳು ಹೇಗೆ ಹಂಚಿಕೊಳ್ಳಬೇಕು ಅಂತ ಎಲ್ಲರೂ ಬರೆದಿದ್ದೀರಿ. ಅಪ್ಪ, ಭಾವ, ಅಣ್ಣ ತಮ್ಮಂದಿರು ಎಲ್ಲಿದ್ದರು? ನಿಮ್ಮ ಪಟ್ಟಿಯಲ್ಲಿ ಅವರ ಹೆಸರೂ ಬರಬೇಕು. ರಜೆಗೆ ಮಗಳು ಬರುವುದೇ ದಣಿವು ಆರಿಸಿಕೊಳ್ಳಲು. ಅವಳನ್ನು ಎಬ್ಬಿಸಿ ಒಲೆ ಮುಂದೆ ನಿಲ್ಲಿಸಿದರೆ ಆ ಕೆಲಸ ಒಬ್ಬ ಹೆಂಗಸಿನಿಂದ ಇನ್ನೊಬ್ಬ ಹೆಂಗಸಿಗೆ ಹೋಯಿತು, ಅಷ್ಟೇ.

---

ಧಾರವಾಡದಾಕಿ | 1 ಜೂನ್, ರಾತ್ರಿ 8:10

ಖರೆ ಮಾತು. ನಮ್ಮಲ್ಲಿ ಅಣ್ಣ ಆ ಸಂಜೆಗಳಲ್ಲಿ ಏನು ಮಾಡುತ್ತಿದ್ದ ಅಂತ ಈಗ ಯೋಚಿಸುತ್ತಿದ್ದೇನೆ. ಐಪಿಎಲ್ ನೋಡುತ್ತಿದ್ದ.

---

ನ್ಯೂಜೆರ್ಸಿ ಕನ್ನಡತಿ | 2 ಜೂನ್, ಬೆಳಿಗ್ಗೆ 5:55

ಇಲ್ಲಿ ಮಕ್ಕಳಿಗೆ ಇನ್ನೂ ಶಾಲೆ ನಡೆಯುತ್ತಿದೆ, ರಜೆ ಜೂನ್ ಮೂರನೇ ವಾರದ ಹೊತ್ತಿಗೆ. ಹಾಗಾಗಿ ನನ್ನ ಮೇ ತಿಂಗಳ ಕೊನೆ ಅಂದರೆ ಮೆಮೋರಿಯಲ್ ಡೇಯ ಒಂದು ಸೋಮವಾರ, ಆಮೇಲೆ ಸಮ್ಮರ್ ಕ್ಯಾಂಪಿನ ದುಡ್ಡು ಹೊಂದಿಸುವುದು.

ಹೋದ ವರ್ಷ ಅಮ್ಮ ಅಪ್ಪ ಆರು ತಿಂಗಳು ಬಂದಿದ್ದರು. ನಾನೂ ನನ್ನ ಗಂಡನೂ ಆಫೀಸಿಗೆ ಹೋದರೆ ಮನೆಯಲ್ಲಿ ಅಮ್ಮನೇ ಎಲ್ಲ. ಮಕ್ಕಳನ್ನು ಬಸ್ಸಿನಿಂದ ಇಳಿಸಿಕೊಳ್ಳುವುದು, ಚಪಾತಿ, ಬಟ್ಟೆ. ಚಳಿಗೆ ಹೊರಗೆ ಹೋಗಲೂ ಆಗಲಿಲ್ಲ. ಎಲ್ಲರಿಗೂ "ಅಮ್ಮ ಬಂದಿದ್ದಾರೆ, ಆರಾಮಾಗಿದ್ದೇನೆ" ಅಂತ ಹೇಳಿಕೊಂಡು ತಿರುಗಿದೆ. ಮೈಸೂರಿಗೆ ವಾಪಸ್ ಹೋದ ಮೇಲೆ ಅಪ್ಪ ಫೋನಿನಲ್ಲಿ ಹೇಳಿದರು, "ನಿಮ್ಮಮ್ಮ ಬಂದ ದಿನದಿಂದ ಮಲಗೇ ಇದ್ದಾಳೆ" ಅಂತ.

ಈ ವರ್ಷ ಡಿಸೆಂಬರ್‌ನಲ್ಲಿ ನಾವೇ ಹೋಗುತ್ತಿದ್ದೇವೆ, ಮೂರು ವಾರ. ಅದರಲ್ಲಿ ನಾಲ್ಕು ದಿನ ಅಮ್ಮ, ನಾನು, ನನ್ನ ತಂಗಿ ಮೂವರೇ ಗೋಕರ್ಣಕ್ಕೆ ಹೋಗುವುದು ಅಂತ ಗಟ್ಟಿ ಮಾಡಿದ್ದೇವೆ. ಮಕ್ಕಳು ಅವರವರ ಅಪ್ಪಂದಿರ ಹತ್ತಿರ. ಅಮ್ಮನಿಗೆ ಹೇಳಿದಾಗ ಮೊದಲು ಕೇಳಿದ್ದು: "ಅಲ್ಲಿ ಅಡುಗೆಗೆ ಏನು ವ್ಯವಸ್ಥೆ?" ಹೋಟೆಲಮ್ಮ, ಹೋಟೆಲ್ ಅಂದೆ. ಒಂದು ನಿಮಿಷ ಸುಮ್ಮನಿದ್ದು "ಹಾಗಾದರೆ ನಂಗೇನು ಕೆಲಸ ಅಲ್ಲಿ" ಅಂದರು. ಏನೂ ಇಲ್ಲಮ್ಮ ಅಂದೆ. ಇಬ್ಬರೂ ಅತ್ತೆವು.

---

ಕುಡ್ಲದ ಮಳೆ | 2 ಜೂನ್, ಬೆಳಿಗ್ಗೆ 8:00

ದೊಡ್ಡಮ್ಮ ಹೇಳಿದ ಹಾಗೆ ನಿನ್ನೆ ಅಮ್ಮನ ಜೊತೆ ಅಡುಗೆಮನೆಯಲ್ಲಿ ಕೂತೆ. ಸಂಡಿಗೆ ವಿಷಯಕ್ಕೆ ಕ್ಷಮೆ ಕೇಳಿದೆ. ಅದು ಅವರ ಅತ್ತೆ ಕಲಿಸಿದ ಅಳತೆಯಂತೆ. ಬರೆದುಕೊಂಡೆ.

---

ಹಾಸನದ ಅಮ್ಮ | 8 ಜೂನ್, ರಾತ್ರಿ 9:50

ಒಂದು ವಾರ ಆಯಿತು. ಹೇಳುವುದು ಸ್ವಲ್ಪ ಇದೆ.

ಆರ್‌ಡಿ ಎರಡು ಕಂತು ಸೇರಿಸಿ ಕಟ್ಟಿದೆ, ದಂಡ 15 ರೂಪಾಯಿಯೇ. ಲೆಕ್ಕದ ಮೇಡಂಗೆ ಥ್ಯಾಂಕ್ಸ್. ಸ್ಕೂಟರ್ ಪರೀಕ್ಷೆಗೆ ದಿನ ಸಿಕ್ಕಿದೆ, 24ಕ್ಕೆ. ಬೆಳಿಗ್ಗೆ ಆರಕ್ಕೆ ಮನೆಯ ಹಿಂದಿನ ಖಾಲಿ ಲೇಔಟಿನಲ್ಲಿ ಮಗಳು ನಿಂತು ನೋಡುತ್ತಾಳೆ, ನಾನು ಎಂಟು ಹಾಕುತ್ತೇನೆ. ಎಡಕ್ಕೆ ತಿರುಗುವಾಗ ಇನ್ನೂ ಕಾಲು ನೆಲಕ್ಕೆ ತಾಗುತ್ತದೆ.

ಅಪ್ಪನ ಜೊತೆ ಮಾತಾಡಿದೆ. ನಾನು ಮದುವೆಯಾದ ಮೇಲೆ ಅಪ್ಪನ ಜೊತೆ ಮನೆಗೆಲಸದ ಬಗ್ಗೆ ಮಾತಾಡಿದ್ದು ಇದೇ ಮೊದಲು. ಹೆದರಿಕೆಯೇ ಆಗಿತ್ತು. ಅವರು ಬೈಯಲಿಲ್ಲ. "ನಂಗೆ ಯಾರೂ ಹೇಳಲಿಲ್ಲವಲ್ಲ" ಅಂದರು. ಹೇಳಬೇಕಾಗಿತ್ತೇ ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ಅವರಿಗೂ 73. ಮೊದಲು ಶುರುವಾಗಲಿ.

ಇವತ್ತು ಭಾನುವಾರ. ಈ ಸಲ ಮಕ್ಕಳ ಸುದ್ದಿ ಕೊನೆಗೆ ಇಟ್ಟುಕೊಂಡೆ. "ಅಮ್ಮ, ಕಣ್ಣು ಹೇಗಿದೆ, ಮೊಣಕಾಲು ಹೇಗಿದೆ, ರಾತ್ರಿ ನಿದ್ದೆ ಬರುತ್ತಾ" ಅಂತ ಒಂದೊಂದಾಗಿ ಕೇಳಿದೆ. ನಲವತ್ತು ನಿಮಿಷ ಮಾತಾಡಿದರು. ಕನ್ನಡಕ ಒಗ್ಗಿದೆಯಂತೆ. ಅಟ್ಟದಲ್ಲಿ ಕಟ್ಟಿಟ್ಟಿದ್ದ ಹಳೇ ವಾರಪತ್ರಿಕೆಗಳನ್ನು ಇಳಿಸಿಕೊಂಡಿದ್ದಾರೆ. ಕೆಲವಕ್ಕೆ ಗೆದ್ದಲು ಹಿಡಿದಿದೆ. ಉಳಿದವನ್ನು ಮತ್ತೆ ಮೊದಲಿನಿಂದ ಓದುತ್ತಿದ್ದಾರೆ. ಒಂದು ಧಾರಾವಾಹಿಯ ಕೊನೆಯ ಎರಡು ಕಂತು ಅವತ್ತೂ ಸಿಕ್ಕಿರಲಿಲ್ಲವಂತೆ, ಯಾರ ಮನೆಯಿಂದಲೋ ಬರಲಿಲ್ಲವಂತೆ. ಮೂವತ್ತು ವರ್ಷದಿಂದ ಆ ಹುಡುಗಿ ಏನಾದಳು ಅಂತ ಗೊತ್ತಿಲ್ಲ ಅಂದರು.

ಕೇಳಿದೆ: "ನಿಂಗೆ ಏನಾದರೂ ಮಾಡಬೇಕು ಅಂತ ಇದೆಯಾ ಅಮ್ಮ?" ತುಂಬಾ ಹೊತ್ತು ಏನೂ ಹೇಳಲಿಲ್ಲ. ಆಮೇಲೆ "ಆ ಲಾಂಚ್ ನಿಲ್ಲುವ ಮೊದಲು ಒಂದು ಸಲ ಹತ್ತಬೇಕಿತ್ತು" ಅಂದರು.

ಮುಂದಿನ ಶನಿವಾರ ಮಕ್ಕಳಿಗೆ ಅರ್ಧ ದಿನ ಶಾಲೆ. ಇವರು ಇಬ್ಬರನ್ನೂ ನೋಡಿಕೊಳ್ಳುತ್ತೇನೆ ಅಂದಿದ್ದಾರೆ. ನಾನು ಶುಕ್ರವಾರ ರಾತ್ರಿಯೇ ಬಸ್ ಹತ್ತುತ್ತೇನೆ. ಅಕ್ಕ ಶಿವಮೊಗ್ಗದಲ್ಲಿ ಸೇರಿಕೊಳ್ಳುತ್ತಾಳೆ. ಮಳೆ ಜೋರಾಗಿದ್ದರೆ ಕೊಡೆ ಹಿಡಿದು ನಿಂತುಕೊಳ್ಳುತ್ತೇವೆ. ಈ ದಿನಗಳಲ್ಲಿ ಅಲ್ಲಿ ಲಾಂಚ್ ಎಷ್ಟು ಗಂಟೆಯಿಂದ ಇರುತ್ತದೆ, ಆ ಕಡೆಯವರು ಯಾರಾದರೂ ಇದ್ದರೆ ತಿಳಿಸಿ.